ಎಷ್ಟಕ್ಕೆ ಹೋಯಿತು? ಎಲ್ಲಿಂದ ಬಂತು?

ದೂರದ ಊರಿನಿಂದ ಬಂದ ಹೆಂಗಸೊಬ್ಬರು ಹಳೆಯ ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಡುತ್ತಾರೆ. ತೀರಿಕೊಂಡ ಚಿಕ್ಕಪ್ಪ ಒಂದು ಕಾಲಕ್ಕೆ ಸಿನಿಮಾ ಸ್ಟುಡಿಯೋದಲ್ಲಿ ಬಡಗಿಯಾಗಿದ್ದರಂತೆ, ಅವರ ಮನೆಯ ಅಟ್ಟದಲ್ಲಿ ಇದು ಸಿಕ್ಕಿತಂತೆ. ಎದುರಿಗಿದ್ದ ಪರಿಣತ ಕೈಗವಸು ತೊಟ್ಟು ಅದನ್ನು ತಿರುಗಿಸಿ, ಮಗುಚಿ, ಭೂತಗನ್ನಡಿ ಹಿಡಿದು ನೋಡುತ್ತಾನೆ. ಹಿನ್ನೆಲೆ ಸಂಗೀತ ನಿಲ್ಲುತ್ತದೆ. ಕ್ಯಾಮೆರಾ ವಸ್ತುವನ್ನು ಬಿಟ್ಟು ಹೆಂಗಸಿನ ಮುಖಕ್ಕೆ ಬರುತ್ತದೆ. ಪರಿಣತ ಒಂದು ಅಂಕಿ ಹೇಳುತ್ತಾನೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಕಣ್ಣು ತುಂಬಿಕೊಳ್ಳುತ್ತವೆ, ಪರದೆಯ ಕೆಳಗೆ ಆ ಅಂಕಿ ದಪ್ಪನಾಗಿ ಮೂಡುತ್ತದೆ. ಕೇಬಲ್ ಕಾಲದಲ್ಲಿ ಇಂಗ್ಲಿಷ್ ಚಾನೆಲ್‌ಗಳನ್ನು ತಿರುವಿದವರಿಗೂ ಈಗ ಮೊಬೈಲಿನಲ್ಲಿ ತುಣುಕು ವಿಡಿಯೊ ನೋಡುವವರಿಗೂ ಇಂಥ ದೃಶ್ಯ ಹೊಸದಲ್ಲ.

ಈ ದೃಶ್ಯದಲ್ಲಿ ಎರಡು ಪ್ರಶ್ನೆಗಳಿವೆ. ಇದು ಎಲ್ಲಿಂದ ಬಂತು ಎನ್ನುವುದು ಮೊದಲನೆಯದು. ಎಷ್ಟಕ್ಕೆ ಹೋಗುತ್ತದೆ ಎನ್ನುವುದು ಎರಡನೆಯದು. ಟಿ.ವಿ. ಎರಡನೆಯದಕ್ಕೆ ಸಂಗೀತ, ಮೌನ, ಕಣ್ಣೀರು ಎಲ್ಲವನ್ನೂ ಕೊಡುತ್ತದೆ. ಮೊದಲನೆಯದಕ್ಕೆ ಅರ್ಧ ನಿಮಿಷ ಕೊಟ್ಟರೆ ಹೆಚ್ಚು. ಹಳೆಯ ಸಿನಿಮಾದ ಉಡುಪು, ಆಯುಧ, ಪೋಸ್ಟರು, ಸಹಿ ಮಾಡಿದ ಫೋಟೊ ಇವುಗಳನ್ನು ಕೂಡಿಡುವ ಹವ್ಯಾಸ ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರಿನ ವ್ಯವಹಾರವಾಗಿ ಬೆಳೆದ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ವಸ್ತುಗಳನ್ನು ಉಳಿಸಿದ್ದು ಮೊದಲ ಪ್ರಶ್ನೆ ಕೇಳಿದವರು. ಎರಡನೆಯದನ್ನು ಮಾತ್ರ ಕೇಳಿದ ಕಡೆಗಳಲ್ಲಿ ಕಳವು, ನಕಲಿ, ಕಣ್ಮರೆ ನಡೆದಿವೆ.

ಸ್ಟುಡಿಯೋ ಎಸೆದದ್ದು

ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋವನ್ನು ಉದ್ಯಮಿ ಕರ್ಕ್ ಕರ್ಕೋರಿಯನ್ 1969ರಲ್ಲಿ ಕೈವಶ ಮಾಡಿಕೊಂಡಾಗ ಅದು ನಷ್ಟದಲ್ಲಿತ್ತು. ದಶಕಗಳಿಂದ ಗೋದಾಮುಗಳಲ್ಲಿ ತುಂಬಿಕೊಂಡಿದ್ದ ಉಡುಪು, ಪೀಠೋಪಕರಣ, ರಥ, ದೋಣಿ, ದೀಪಸ್ತಂಭಗಳೆಲ್ಲ ಹೊಸ ಆಡಳಿತದ ಕಣ್ಣಿಗೆ ಜಾಗ ತಿನ್ನುವ ಹಳೆಯ ಸಾಮಾನು. ಹರಾಜುಗಾರ ಡೇವಿಡ್ ವೈಸ್ ಸುಮಾರು 15 ಲಕ್ಷ ಡಾಲರಿಗೆ ಎಲ್ಲವನ್ನೂ ಒಟ್ಟಿಗೆ ಕೊಂಡು, 1970ರ ಮೇ ತಿಂಗಳಲ್ಲಿ ಸ್ಟುಡಿಯೋ ಆವರಣದಲ್ಲೇ ಎರಡು ವಾರಕ್ಕೂ ಮಿಗಿಲಾಗಿ ಹರಾಜು ನಡೆಸಿದರು. ‘ದಿ ವಿಝರ್ಡ್ ಆಫ್ ಆಝ್’ (1939) ಚಿತ್ರದಲ್ಲಿ ಜೂಡಿ ಗಾರ್ಲೆಂಡ್ ತೊಟ್ಟಿದ್ದ ಕೆಂಪು ಷೂಗಳ ಒಂದು ಜೊತೆ ಅಲ್ಲಿ 15 ಸಾವಿರ ಡಾಲರಿಗೆ ಹೋಯಿತು. ಹೆಸರು ಹೇಳಿಕೊಳ್ಳದ ಒಬ್ಬರು ಕೊಂಡರು. 1979ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಬಂದ ಜೊತೆ ಅದೇ ಎನ್ನುತ್ತಾರೆ. ಅಲ್ಲೂ ದಾನಿ ತಮ್ಮ ಹೆಸರು ಹೇಳಲಿಲ್ಲ.

ಆ ಷೂಗಳು ಬೆಳಕಿಗೆ ಬಂದದ್ದು ಸ್ಟುಡಿಯೋದ ಲೆಕ್ಕಪುಸ್ತಕದಿಂದ ಅಲ್ಲ. ಹರಾಜಿಗೆ ಉಡುಪುಗಳನ್ನು ವಿಂಗಡಿಸಲು ನೇಮಿಸಿಕೊಂಡಿದ್ದ ಕೆಂಟ್ ವಾರ್ನರ್ ಎಂಬ ವಸ್ತ್ರವಿಭಾಗದ ಕೆಲಸಗಾರ ಧೂಳು ಹಿಡಿದ ಅಟ್ಟಣಿಗೆಯಲ್ಲಿ ಒಂದಲ್ಲ, ಹಲವು ಜೊತೆ ಕಂಡರು. ಹರಾಜಿಗೆ ಒಂದನ್ನೇ ಕೊಟ್ಟು ಉಳಿದವನ್ನು ಸದ್ದಿಲ್ಲದೆ ತಾವೇ ತೆಗೆದುಕೊಂಡರು. ಕಾನೂನಿನ ಲೆಕ್ಕದಲ್ಲಿ ಅದು ಸರಿಯಲ್ಲ. ಆದರೆ ಅವರ ಕಣ್ಣು ಬೀಳದಿದ್ದರೆ ಅವು ಇಂದು ಇರುತ್ತಿದ್ದುವೆಂದು ಯಾರೂ ಖಚಿತವಾಗಿ ಹೇಳಲಾರರು. ಅದೇ ಹರಾಜಿನಲ್ಲಿ ಕಂತೆ ಕಂತೆಯಾಗಿ ಉಡುಪು ಕೊಂಡ ಇನ್ನೊಬ್ಬರು ನಟಿ ಡೆಬ್ಬಿ ರೆನಾಲ್ಡ್ಸ್. ತಾವು ಅಭಿನಯಿಸಿದ, ತಮ್ಮ ಗೆಳತಿಯರು ಅಭಿನಯಿಸಿದ ಚಿತ್ರಗಳ ಬಟ್ಟೆಗಳು ಚಿಂದಿಯಾಗಿ ಹೋಗುವುದನ್ನು ನೋಡಲಾರದೆ ಅವರು ಸಾಲ ಮಾಡಿಯಾದರೂ ಕೊಂಡರು.

ಕೂಡಿಡುವವರಿಲ್ಲದ್ದು ಏನಾಯಿತು ಎನ್ನುವುದಕ್ಕೂ ಎಂಜಿಎಂನಲ್ಲೇ ಉತ್ತರವಿದೆ. ಆ ಸ್ಟುಡಿಯೋ ಸಂಗೀತಮಯ ಚಿತ್ರಗಳಿಗೆ ಲೋಕಪ್ರಸಿದ್ಧ. ಪಿಟೀಲಿನವರು ಏನು ನುಡಿಸಬೇಕು, ಕಹಳೆಯವರು ಎಲ್ಲಿ ಸೇರಬೇಕು ಎಂದು ಬರೆದಿಟ್ಟ ಸ್ವರಲಿಪಿಯ ಹಾಳೆಗಳ ಭಂಡಾರವೇ ಅಲ್ಲಿತ್ತು. ಸಂಗೀತದ ಹಾಳೆಗೆ ಮುಗಿಬೀಳುವವರಿಲ್ಲ. ಹಾಗಾಗಿ ಅದರ ಬಹುಪಾಲು ಕಸ ತುಂಬುವ ಗುಂಡಿಗೆ ಹೋಯಿತು. ದಶಕಗಳ ಮೇಲೆ ಬ್ರಿಟನ್ನಿನ ವಾದ್ಯವೃಂದ ನಿರ್ದೇಶಕ ಜಾನ್ ವಿಲ್ಸನ್ ಆ ಸಂಗೀತವನ್ನು ವೇದಿಕೆಯ ಮೇಲೆ ನುಡಿಸಬೇಕೆಂದು ಹೊರಟಾಗ, ಚಿತ್ರದ ಧ್ವನಿಪಥವನ್ನು ಮತ್ತೆ ಮತ್ತೆ ಕೇಳಿ, ಒಂದೊಂದು ವಾದ್ಯದ ಸ್ವರವನ್ನೂ ಕಿವಿಯಿಂದಲೇ ಬಿಡಿಸಿ ಬರೆಯಬೇಕಾಯಿತು. ಒಂದು ಕೋಣೆಯಲ್ಲಿ ಇಟ್ಟಿದ್ದರೆ ಉಳಿಯುತ್ತಿದ್ದುದನ್ನು ಮರಳಿ ಪಡೆಯಲು ವರ್ಷಗಳು ಹಿಡಿದವು.

ಟಿ.ವಿ. ಬಂದ ಮೇಲೆ

ಹಳೆಯ ವಸ್ತುಗಳ ಬಗ್ಗೆ ಜನರಿಗೆ ಕುತೂಹಲ ಹುಟ್ಟಿಸಿದ ಮುಖ್ಯ ಕಾರ್ಯಕ್ರಮ ಬಿಬಿಸಿಯ ‘ಆ್ಯಂಟಿಕ್ಸ್ ರೋಡ್‌ಷೋ’. 1979ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿದೆ. 1997ರಲ್ಲಿ ಅಮೆರಿಕದ ಸಾರ್ವಜನಿಕ ವಾಹಿನಿ ಪಿಬಿಎಸ್ ಅದನ್ನು ತನ್ನದಾಗಿಸಿಕೊಂಡಿತು. ಅದರ ಕ್ರಮ ಸರಳ. ಊರಿನ ಜನ ತಮ್ಮ ಮನೆಯ ವಸ್ತು ತರುತ್ತಾರೆ, ಬಲ್ಲವರು ಅದರ ಕಥೆ ಹೇಳುತ್ತಾರೆ, ಕೊನೆಗೆ ಅಂದಾಜು ಬೆಲೆ ಹೇಳುತ್ತಾರೆ, ತಂದವರು ವಸ್ತುವನ್ನು ಮನೆಗೆ ಕೊಂಡೊಯ್ಯುತ್ತಾರೆ. ಅಲ್ಲಿ ಮಾರಾಟವಿಲ್ಲ. ಕಥೆ ಮೊದಲು, ಅಂಕಿ ಆಮೇಲೆ.

2009ರ ನಂತರ ಈ ಕ್ರಮ ತಲೆಕೆಳಗಾಯಿತು. ಆ ವರ್ಷ ಹಿಸ್ಟರಿ ವಾಹಿನಿಯಲ್ಲಿ ಬಂದ ‘ಪಾನ್ ಸ್ಟಾರ್ಸ್’ ಲಾಸ್ ವೇಗಸ್‌ನ ಗಿರವಿ ಅಂಗಡಿಯೊಂದರ ಕಥೆ. ಅಲ್ಲಿ ಚೌಕಾಸಿಯೇ ನಾಟಕ. 2010ರಲ್ಲಿ ಸೈಫೈ ವಾಹಿನಿ ‘ಹಾಲಿವುಡ್ ಟ್ರೆಷರ್’ ಆರಂಭಿಸಿತು. ಅದರ ಕೇಂದ್ರದಲ್ಲಿದ್ದವರು ‘ಪ್ರೊಫೈಲ್ಸ್ ಇನ್ ಹಿಸ್ಟರಿ’ ಹರಾಜು ಸಂಸ್ಥೆಯ ಒಡೆಯ ಜೋ ಮಡಲೇನ. ಮನೆಮನೆಗೆ ಹೋಗಿ ಸಿನಿಮಾ ವಸ್ತು ಹುಡುಕುವವರೂ ಅವರೇ, ಅದು ಅಸಲಿ ಎಂದು ಹೇಳುವವರೂ ಅವರೇ, ಅಂದಾಜು ಬೆಲೆ ಕಟ್ಟುವವರೂ ಅವರೇ, ಹರಾಜು ಕೂಗಿಸಿ ಕಮಿಷನ್ ಪಡೆಯುವವರೂ ಅವರೇ. 2012ರಲ್ಲಿ ಆಟಿಕೆಗಳಿಗೆ ‘ಟಾಯ್ ಹಂಟರ್’, ಕಾಮಿಕ್ಸ್ ಪುಸ್ತಕಗಳಿಗೆ ‘ಕಾಮಿಕ್ ಬುಕ್ ಮೆನ್’ ಬಂದವು. 2023ರಲ್ಲಿ ನೆಟ್‌ಫ್ಲಿಕ್ಸ್ ‘ಕಿಂಗ್ ಆಫ್ ಕಲೆಕ್ಟಿಬಲ್ಸ್’ ತಂದಿತು. ಅದರ ನಾಯಕ ಕೆನ್ ಗೋಲ್ಡಿನ್ ಕೂಡ ಹರಾಜು ಸಂಸ್ಥೆಯ ಸ್ಥಾಪಕ.

ಈ ಕಾರ್ಯಕ್ರಮಗಳಲ್ಲಿ ಸುಳ್ಳು ಹೇಳುತ್ತಾರೆ ಎನ್ನುವುದು ನನ್ನ ವಾದವಲ್ಲ. ಅಲ್ಲಿ ಕಾಣುವ ಅನೇಕರಿಗೆ ತಮ್ಮ ವಿಷಯ ಆಳವಾಗಿ ಗೊತ್ತು, ಅದರ ಮೇಲೆ ಪ್ರೀತಿಯೂ ಇದೆ. ಆದರೆ ಮಾರುವವನೇ ನಿರೂಪಕನಾದಾಗ ಯಾವುದಕ್ಕೆ ಹೆಚ್ಚು ಸಮಯ, ಯಾವುದಕ್ಕೆ ಕಡಿಮೆ ಎನ್ನುವುದು ತಾನಾಗಿಯೇ ತೀರ್ಮಾನವಾಗಿಬಿಡುತ್ತದೆ. ಅನುಮಾನದಿಂದ ಹರಾಜಿಗೆ ಲಾಭವಿಲ್ಲ. ಹಾಗಾಗಿ ಅನುಮಾನ ಪರದೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೋಡುಗರ ಮನಸ್ಸಿನಲ್ಲಿ ಉಳಿಯುವುದು ಅಂಕಿ ಒಂದೇ.

ಅಸಲಿ ಎಂದು ತಿಳಿಯುವುದು ಹೇಗೆ

ಟಿ.ವಿ. ಅವಸರದಲ್ಲಿ ದಾಟಿಹೋಗುವ ಈ ಭಾಗವೇ ಈ ಹವ್ಯಾಸದ ಜೀವ. ನಾಟಕ, ಸಿನಿಮಾದವರು ಪ್ರಾಪರ್ಟಿ ಎಂದು ಕರೆಯುವ ಸಾಮಾನು ಒಂದೊಂದು ಚಿತ್ರಕ್ಕೂ ಹಲವು ಪ್ರತಿಗಳಲ್ಲಿ ತಯಾರಾಗುತ್ತದೆ. ನಾಯಕನ ಕೈಯಲ್ಲಿ ಹತ್ತಿರದಿಂದ ಕಾಣುವ ಖಡ್ಗಕ್ಕೆ ಲೋಹದ ಕೆತ್ತನೆ ಇರುತ್ತದೆ. ಹೊಡೆದಾಟದ ದೃಶ್ಯಕ್ಕೆ ಅದರದೇ ರಬ್ಬರಿನ ರೂಪ. ಹಿಂದೆ ನಿಂತ ಸೈನಿಕರಿಗೆ ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಮಾದರಿ. ಮೂರೂ ಅದೇ ಸ್ಟುಡಿಯೋದಲ್ಲಿ ತಯಾರಾದವು, ಮೂರೂ ಅಸಲಿಯೇ. ಆದರೆ ಮೂರರ ಮಹತ್ವ ಒಂದೇ ಅಲ್ಲ. ಚಿತ್ರ ಬಿಡುಗಡೆಯಾದ ಮೇಲೆ ಜಾಹೀರಾತಿಗಾಗಿ ಮಾಡಿದ ಪ್ರತಿಗಳು, ಅಭಿಮಾನಿಗಳು ಮನೆಯಲ್ಲಿ ಮಾಡಿಕೊಂಡ ಪ್ರತಿಗಳು ಬೇರೆ. ಇವೆಲ್ಲ ಐವತ್ತು ವರ್ಷ ಅಟ್ಟದ ಮೇಲೆ ಬಿದ್ದರೆ ನೋಡಲು ಒಂದೇ ಥರ ಹಳೆಯದಾಗಿಬಿಡುತ್ತವೆ.

ಬಿಡಿಸಿಕೊಳ್ಳುವ ದಾರಿಗಳು ಎರಡು. ಮೊದಲನೆಯದು ಪರದೆಯೊಂದಿಗೆ ತಾಳೆ ನೋಡುವುದು. ಚಿತ್ರವನ್ನು ಒಂದೊಂದು ಚೌಕಟ್ಟಿಗೂ ನಿಲ್ಲಿಸಿ, ಮರದ ಹಿಡಿಕೆಯಲ್ಲಿ ಗೆರೆಗಳು ಹೇಗೆ ಹರಿದಿವೆ, ಹೊಲಿಗೆ ಎಲ್ಲಿ ಸೊಟ್ಟಗಾಗಿದೆ, ಬಣ್ಣ ಎಲ್ಲಿ ಎದ್ದಿದೆ ಎಂದು ಕೈಯಲ್ಲಿರುವ ವಸ್ತುವಿನ ಪಕ್ಕದಲ್ಲಿಟ್ಟು ನೋಡುತ್ತಾರೆ. ಬಟ್ಟೆಯ ನೇಯ್ಗೆಯ ಎಳೆ, ಮರದ ಗೆರೆ ಇವು ಎರಡು ವಸ್ತುಗಳಲ್ಲಿ ಒಂದೇ ಥರ ಬರುವುದಿಲ್ಲ. ಹಳೆಯ ಚಿತ್ರಗಳು ಹೆಚ್ಚು ಸ್ಪಷ್ಟವಾದ ಡಿಸ್ಕುಗಳಲ್ಲಿ ಬರತೊಡಗಿದ ಮೇಲೆ ಈ ಕೆಲಸ ಎಷ್ಟೋ ಸುಲಭವಾಯಿತು. ಎರಡನೆಯದು ಪೂರ್ವಾಪರ. ಯಾರು ಮಾಡಿದರು, ಚಿತ್ರೀಕರಣ ಮುಗಿದ ಮೇಲೆ ಯಾರ ಕೈಗೆ ಹೋಯಿತು, ಅವರಿಂದ ಯಾರು ಪಡೆದರು, ಅದಕ್ಕೆ ರಸೀದಿ ಇದೆಯೇ, ಉಡುಪಿನ ಒಳಗೆ ನಟರ ಹೆಸರು ಬರೆದು ಹೊಲಿದ ಪಟ್ಟಿ ಇದೆಯೇ, ದೃಶ್ಯದಿಂದ ದೃಶ್ಯಕ್ಕೆ ಹೊಂದಾಣಿಕೆ ನೋಡಲು ಸೆಟ್ಟಿನಲ್ಲಿ ತೆಗೆದ ಫೋಟೊ ಇದೆಯೇ ಎಂದು ವಿಚಾರಿಸುವುದು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮುಂದಿನದೆಲ್ಲ ನಂಬಿಕೆಯ ಮೇಲೆ ನಿಲ್ಲುತ್ತದೆ.

ಇದನ್ನು ಮಾಡುವವರಲ್ಲಿ ಬಹಳ ಮಂದಿ ಸಂಬಳಕ್ಕೆ ದುಡಿಯುವವರಲ್ಲ. ‘ಸ್ಟಾರ್ ಟ್ರೆಕ್’ ಧಾರಾವಾಹಿಗಾಗಿ ಮೊದಲು ತಯಾರಿಸಿದ ಮೂರಡಿ ಉದ್ದದ ‘ಎಂಟರ್‌ಪ್ರೈಸ್’ ನೌಕೆಯ ಮಾದರಿ 1970ರ ದಶಕದಲ್ಲಿ ಕಣ್ಮರೆಯಾಗಿತ್ತು. 2023ರಲ್ಲಿ ಅದು ಇಬೇ ಮಾರಾಟತಾಣದಲ್ಲಿ ಸಾಧಾರಣ ಬೆಲೆಗೆ ಕಾಣಿಸಿಕೊಂಡಾಗ ಗುರುತು ಹಿಡಿದವರು ಆ ಧಾರಾವಾಹಿಯ ಅಭಿಮಾನಿಗಳು. ಮುಂದಿನ ವರ್ಷ ಅದು ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿಯ ಮಗನ ಕೈ ಸೇರಿತು. ಮಾರಲು ಇಟ್ಟವರಿಗೆ ಅದರ ಬೆಲೆಯೂ ತಿಳಿದಿರಲಿಲ್ಲ, ಪೂರ್ವಾಪರವೂ ತಿಳಿದಿರಲಿಲ್ಲ. ನಾಲ್ಕು ದಶಕ ಅದರ ಫೋಟೊಗಳನ್ನು ನೋಡಿ ನೋಡಿ ಮನನ ಮಾಡಿಕೊಂಡವರಿಗೆ ತಿಳಿದಿತ್ತು.

ಬೆಲೆ ಮಾತ್ರ ಗೊತ್ತಿದ್ದವನು

ಕೆಂಪು ಷೂಗಳ ಇನ್ನೊಂದು ಜೊತೆಯ ಕಥೆ ಈ ವಾದಕ್ಕೆ ನೇರ ಸಾಕ್ಷಿ. ಮಿನ್ನೆಸೋಟ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಜೂಡಿ ಗಾರ್ಲೆಂಡ್ ಹುಟ್ಟಿದ ಊರು. ಅಲ್ಲಿ ಆಕೆಯ ಹೆಸರಿನ ಪುಟ್ಟ ವಸ್ತುಸಂಗ್ರಹಾಲಯವಿದೆ. ಸಂಗ್ರಾಹಕರೊಬ್ಬರು ಎರವಲು ಕೊಟ್ಟಿದ್ದ ಷೂಗಳನ್ನು 2005ರ ಆಗಸ್ಟಿನಲ್ಲಿ ಒಂದು ರಾತ್ರಿ ಯಾರೋ ಗಾಜು ಒಡೆದು ಕದ್ದರು. ಅವಕ್ಕೆ ಹತ್ತು ಲಕ್ಷ ಡಾಲರ್ ವಿಮೆ ಇತ್ತು. 2018ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಅವುಗಳನ್ನು ಪತ್ತೆ ಮಾಡಿತು. 2023ರಲ್ಲಿ ಕಳ್ಳ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆಗ ಹೊರಬಂದ ಸಂಗತಿ ಎಂದರೆ, ಆತ ಆ ಚಿತ್ರವನ್ನೇ ನೋಡಿರಲಿಲ್ಲ. ಷೂಗಳಿಗೆ ಅಷ್ಟು ಬೆಲೆ ಇರಬೇಕಾದರೆ ನಿಜವಾದ ಮಾಣಿಕ್ಯವನ್ನೇ ಕೂರಿಸಿರಬೇಕು ಎಂದುಕೊಂಡಿದ್ದ. ಕದ್ದ ಮಾಲು ಕೊಳ್ಳುವವನ ಬಳಿ ಒಯ್ದಾಗ ಅದು ಬರೀ ಗಾಜು ಎಂದು ತಿಳಿಯಿತು. ಕೂಡಲೇ ಷೂಗಳನ್ನು ಕೈಬಿಟ್ಟ. ನಿಜಕ್ಕೂ ಅವು ಬಟ್ಟೆಯ ಮೇಲೆ ಮಿನುಗುಬಿಲ್ಲೆಗಳನ್ನು ಹೊಲಿದು ಮಾಡಿದವು. ಒಂದೊಂದು ಷೂಗೂ ಎರಡು ಸಾವಿರಕ್ಕೂ ಹೆಚ್ಚು ಬಿಲ್ಲೆಗಳು. ಹೆಜ್ಜೆಯ ಸದ್ದು ಕೇಳದಿರಲೆಂದು ಅಡಿಗೆ ಉಣ್ಣೆಬಟ್ಟೆ ಅಂಟಿಸಿದ್ದಾರೆ.

ಆತನಿಗೆ ಬೆಲೆ ಸರಿಯಾಗಿಯೇ ಗೊತ್ತಿತ್ತು. ಗೊತ್ತಿಲ್ಲದ್ದು ಬೆಲೆ ಎಲ್ಲಿಂದ ಬಂತು ಎನ್ನುವುದು. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಮೂಲ ಕಥೆಯಲ್ಲಿ ಆ ಷೂಗಳು ಬೆಳ್ಳಿಯವು. ಹೊಸದಾಗಿ ಬಂದಿದ್ದ ಟೆಕ್ನಿಕಲರ್ ಬಣ್ಣದ ಚಿತ್ರೀಕರಣದಲ್ಲಿ, ಹಳದಿ ಇಟ್ಟಿಗೆಯ ದಾರಿಯ ಮೇಲೆ ಎದ್ದು ಕಾಣಲೆಂದು ಕೆಂಪು ಮಾಡಿದರು. ವಿನ್ಯಾಸ ಮಾಡಿದವರು ಏಡ್ರಿಯನ್. ಸಿನಿಮಾ ಬಣ್ಣಕ್ಕೆ ಹೊರಳಿದ ಗಳಿಗೆಯ ಒಂದು ತೀರ್ಮಾನ ಆ ಷೂಗಳಲ್ಲಿ ಕೈಗೆ ಸಿಗುವಂತೆ ಉಳಿದಿದೆ. ಎಫ್‌ಬಿಐ ಪತ್ತೆ ಮಾಡಿದ ಜೊತೆಯನ್ನು ಪರೀಕ್ಷೆಗೆ ಸ್ಮಿತ್ಸೋನಿಯನ್‌ಗೆ ಕೊಂಡೊಯ್ದಾಗ ಇನ್ನೊಂದು ಬೆರಗು ಕಾದಿತ್ತು. ಎರಡೂ ಜೊತೆಗಳಲ್ಲಿ ಎಡ ಬಲ ಅದಲುಬದಲಾಗಿದ್ದವು. ಅಲ್ಲಿನ ಎಡಕ್ಕೆ ಇಲ್ಲಿನ ಬಲವೇ ಸರಿಯಾದ ಸಂಗಾತಿ. ಈ ಸಂಗತಿ ಖಚಿತವಾದದ್ದು ವಸ್ತುವನ್ನು ಅಧ್ಯಯನಕ್ಕೆಂದೇ ಇಟ್ಟುಕೊಂಡ ಸಾರ್ವಜನಿಕ ಸಂಸ್ಥೆಯೊಂದು ಇದ್ದುದರಿಂದ.

ನಕಲಿಯ ಮಾತೂ ಇಷ್ಟೇ ಗಂಭೀರ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಿನಲ್ಲಿ ಖೋಟಾ ಸಹಿಗಳ ಜಾಲವೊಂದನ್ನು ಹಿಡಿಯಿತು. ಕ್ರೀಡಾಪಟುಗಳ, ತಾರೆಯರ ಸಹಿಗಳ ಜೊತೆಗೆ ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಚೆಂಡುಗಳೂ ಅಲ್ಲಿ ಸಿಕ್ಕವು. ಅಂಥ ಮಾಲಿನ ಜೊತೆಗೆ ಅಸಲಿ ಎಂದು ಸಾರುವ ಪ್ರಮಾಣಪತ್ರವೂ ಹೋಗುತ್ತಿತ್ತು. ಪತ್ರವನ್ನು ಓದಿ, ಚೆಂಡಿನ ಕಥೆಯನ್ನು ಕೇಳದೆ ಬಿಟ್ಟವರೇ ಅದನ್ನು ಕೊಂಡವರು.

ಬೆಲೆ ಇಲ್ಲದಿದ್ದರೆ ಉಳಿಯುತ್ತಿತ್ತೇ?

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಸ್ಟುಡಿಯೋ ಈ ಸಾಮಾನನ್ನು ಎಸೆದದ್ದೇ ಅದಕ್ಕೆ ಬೆಲೆ ಇಲ್ಲ ಎಂದುಕೊಂಡು. ಈಗ ಬೆಲೆ ಬಂದಿರುವುದರಿಂದ ಯಾರೂ ಎಸೆಯುವುದಿಲ್ಲ. ಅಜ್ಜನ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಮೊಮ್ಮಕ್ಕಳು ಒಮ್ಮೆ ತೆರೆದು ನೋಡುತ್ತಾರೆ. ಹಾಗೆ ನೋಡುವುದನ್ನು ಕಲಿಸಿದ್ದು ಟಿ.ವಿ. ಅಲ್ಲವೇ? ಹೌದು, ಈ ಉಪಕಾರ ದೊಡ್ಡದು. 2006ರಲ್ಲಿ ‘ಸ್ಟಾರ್ ಟ್ರೆಕ್’ ಸಾಮಗ್ರಿಗಳನ್ನು ಕ್ರಿಸ್ಟೀಸ್ ಸಂಸ್ಥೆ ಹರಾಜು ಹಾಕಿದಾಗ ನೌಕೆಯ ಮಾದರಿಯೊಂದು 5.76 ಲಕ್ಷ ಡಾಲರಿಗೆ ಹೋಯಿತು. ಆ ಸುದ್ದಿ ಕೇಳಿದ ಮೇಲೆ ಯಾವ ಸ್ಟುಡಿಯೋವೂ ಮಾದರಿಗಳನ್ನು ಕಸಕ್ಕೆ ಹಾಕುವ ಮುನ್ನ ಎರಡು ಸಲ ಯೋಚಿಸುತ್ತದೆ.

ಆದರೆ ಕಾಲಕ್ರಮವನ್ನು ಗಮನಿಸಬೇಕು. 1970ರಲ್ಲಿ ವಾರ್ನರ್, ರೆನಾಲ್ಡ್ಸ್ ಅಂಥವರು ಉಳಿಸಿದಾಗ ಇಂದಿನಂಥ ಬೆಲೆ ಇರಲಿಲ್ಲ. ಪ್ರೀತಿ ಮತ್ತು ತಿಳಿವಳಿಕೆ ಮೊದಲು ಬಂದವು, ಬೆಲೆ ಅವುಗಳ ಬೆನ್ನು ಹಿಡಿದು ಬಂತು. ಯಾವುದು ಮುಂದೆ ಬೆಲೆಬಾಳುತ್ತದೆ ಎಂದು ಮಾರುಕಟ್ಟೆ ಮುಂಗಾಣುವುದಿಲ್ಲ. ಅದು ಈಗಾಗಲೇ ಉಳಿದದ್ದಕ್ಕೆ ಬೆಲೆ ಕಟ್ಟುತ್ತದೆ. ಹರಾಜಿನ ಪಟ್ಟಿಗೆ ಬಾರದ ಸ್ವರಲಿಪಿ ಹಾಳೆ, ಲೆಕ್ಕದ ಚೀಟಿ, ದರ್ಜಿಯ ಅಳತೆಪುಸ್ತಕ, ಸೆಟ್ಟಿನ ನಕ್ಷೆ ಇವತ್ತಿಗೂ ಕಸಕ್ಕೆ ಹೋಗಬಹುದು. ಬೆಲೆಯನ್ನೇ ಕಾವಲುಗಾರನೆಂದು ನಂಬಿದರೆ ಅದು ಹೊಳೆಯುವುದನ್ನು ಕಾಯುತ್ತದೆ, ಅರ್ಥ ಹೇಳುವುದನ್ನು ಬಿಟ್ಟುಬಿಡುತ್ತದೆ.

ಇದಕ್ಕಿಂತ ನೋವಿನ ಮಾತೆಂದರೆ, ಬೆಲೆ ಏರಿದಂತೆ ಉಳಿಸಿದವರ ಕೈಯಿಂದಲೇ ವಸ್ತು ಜಾರುತ್ತದೆ. ಡೆಬ್ಬಿ ರೆನಾಲ್ಡ್ಸ್ ನಾಲ್ಕು ದಶಕ ಒಂದು ವಸ್ತುಸಂಗ್ರಹಾಲಯಕ್ಕಾಗಿ ಹೆಣಗಿದರು. ಲಾಸ್ ವೇಗಸ್‌ನಲ್ಲಿ ತಮ್ಮದೇ ಹೋಟೆಲಿನಲ್ಲಿ ತೆರೆದದ್ದು ದಿವಾಳಿಯೊಂದಿಗೆ ಮುಚ್ಚಿತು. ಬೇರೆ ಕಡೆಯ ಯೋಜನೆಗಳೂ ಕೈಗೂಡಲಿಲ್ಲ. ಕೊನೆಗೆ 2011ರ ಜೂನಿನಲ್ಲಿ ಪ್ರೊಫೈಲ್ಸ್ ಇನ್ ಹಿಸ್ಟರಿ ಸಂಸ್ಥೆಯೇ ಅವರ ಸಂಗ್ರಹವನ್ನು ಹರಾಜು ಹಾಕಿತು. ನಟಿ ಮರ್ಲಿನ್ ಮನ್ರೋ ಅವರ, ಗಾಳಿಗೆ ಹಾರುವ ಆ ಬಿಳಿ ಉಡುಪು 46 ಲಕ್ಷ ಡಾಲರಿನ ಕೂಗಿಗೆ ಹೋಯಿತು. ಕಮಿಷನ್ ಸೇರಿದರೆ 55 ಲಕ್ಷ ದಾಟಿತು. ಒಂದೇ ದಿನದಲ್ಲಿ 2 ಕೋಟಿ ಡಾಲರಿಗೂ ಮೀರಿ ಮಾರಾಟ. ಟಿ.ವಿ.ಗೆ ಅದು ಗೆಲುವಿನ ದಿನ. ಒಟ್ಟಿಗೆ ಇದ್ದಾಗ ಹಾಲಿವುಡ್ಡಿನ ಹೊಲಿಗೆ ಕಲೆಯ ಚರಿತ್ರೆಯನ್ನೇ ಹೇಳಬಲ್ಲ ಸಂಗ್ರಹ ಅಂದು ಚೂರುಚೂರಾಗಿ ಚೆದುರಿತು. ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿಯ ವಸ್ತುಸಂಗ್ರಹಾಲಯ ಲಾಸ್ ಏಂಜಲೀಸ್‌ನಲ್ಲಿ ತೆರೆದದ್ದು 2021ರಲ್ಲಿ. ಹತ್ತು ವರ್ಷ ತಡ. ರೆನಾಲ್ಡ್ಸ್ ತೀರಿಕೊಂಡು ಆಗಲೇ ಐದು ವರ್ಷವಾಗುತ್ತ ಬಂದಿತ್ತು. ಟಿ.ವಿ. ಧಾರಾವಾಹಿಗಳ ಸಾಮಗ್ರಿಗಳನ್ನು ದಶಕಗಟ್ಟಲೆ ಕೂಡಿಟ್ಟ ಜೇಮ್ಸ್ ಕೊಮಿಸಾರ್ ಅವರಿಗೂ ವಸ್ತುಸಂಗ್ರಹಾಲಯದ ಕನಸಿತ್ತು. 2023ರಲ್ಲಿ ಅವರದೂ ಹರಾಜಿನಲ್ಲಿ ಕೊನೆಗೊಂಡಿತು. ‘ಚಿಯರ್ಸ್’ ಧಾರಾವಾಹಿಯ ಮದ್ಯದಂಗಡಿಯ ಕಟ್ಟೆಯೊಂದೇ 6.75 ಲಕ್ಷ ಡಾಲರಿಗೆ ಹೋಯಿತು.

ಖಾಸಗಿಯವರು ಇಟ್ಟುಕೊಂಡರೆ ತಪ್ಪೇನು?

ಹಣ ಕೊಟ್ಟವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ ಎನ್ನುವುದು ಇನ್ನೊಂದು ಮಾತು. ಹಲವರ ಮಟ್ಟಿಗೆ ನಿಜ. ಸ್ಟೀವನ್ ಸ್ಪೀಲ್‌ಬರ್ಗ್ ಕ್ಲಾರ್ಕ್ ಗೇಬಲ್‌ರ ಆಸ್ಕರ್ ಪ್ರತಿಮೆಯನ್ನು ಹರಾಜಿನಲ್ಲಿ ಕೊಂಡು ಅಕಾಡೆಮಿಗೇ ಮರಳಿಸಿದರು. ಲಿಯೊನಾರ್ಡೊ ಡಿಕಾಪ್ರಿಯೊ ಮೊದಲಾದವರ ನೆರವಿನಿಂದ ಕೆಂಪು ಷೂಗಳ ಒಂದು ಜೊತೆ 2012ರಲ್ಲಿ ಅಕಾಡೆಮಿ ಸೇರಿತು. ಆದರೆ ಒಡೆಯನ ಒಳ್ಳೆಯತನ ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ. ಅಧ್ಯಕ್ಷ ಕೆನಡಿಯ ಹುಟ್ಟುಹಬ್ಬಕ್ಕೆ ಹಾಡುವಾಗ ಮರ್ಲಿನ್ ಮನ್ರೋ ತೊಟ್ಟಿದ್ದ ಉಡುಪನ್ನು 2016ರಲ್ಲಿ ರಿಪ್ಲೀಸ್ ಕಂಪನಿ 48 ಲಕ್ಷ ಡಾಲರಿಗೆ ಕೊಂಡಿತು. 2022ರಲ್ಲಿ ಅದನ್ನು ಕಿಮ್ ಕಾರ್ಡಾಷಿಯನ್ ನ್ಯೂಯಾರ್ಕಿನ ಮೆಟ್ ಗಾಲಾ ಸಮಾರಂಭಕ್ಕೆ ಉಟ್ಟುಕೊಂಡರು. ಚಾರಿತ್ರಿಕ ಉಡುಪುಗಳನ್ನು ಯಾರೂ ಉಡಬಾರದು ಎಂದು ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ ಹೇಳಿಕೆ ಕೊಡಬೇಕಾಯಿತು. ಹೇಳಿಕೆ ಕೊಡುವುದರ ಹೊರತು ಅದಕ್ಕೆ ಮಾಡಲು ಬೇರೇನೂ ಇರಲಿಲ್ಲ.

ಕಳುವಾಗಿ ಮತ್ತೆ ಸಿಕ್ಕ ಕೆಂಪು ಷೂಗಳನ್ನು 2024ರ ಡಿಸೆಂಬರಿನಲ್ಲಿ ಹೆರಿಟೇಜ್ ಸಂಸ್ಥೆ ಹರಾಜು ಹಾಕಿತು. ಅವುಗಳನ್ನು ಊರಿಗೆ ಮರಳಿ ತರಲು ಜೂಡಿ ಗಾರ್ಲೆಂಡ್ ಸಂಗ್ರಹಾಲಯ ಹಣ ಕೂಡಿಸಿತ್ತು. ಮಿನ್ನೆಸೋಟ ಸರ್ಕಾರವೂ ಒಂದು ಲಕ್ಷ ಡಾಲರ್ ಕೊಟ್ಟಿತ್ತು. ಕೂಗು 2.8 ಕೋಟಿ ಡಾಲರಿಗೆ ನಿಂತಿತು, ಶುಲ್ಕ ಸೇರಿ 3.25 ಕೋಟಿ. ಸಿನಿಮಾ ಸ್ಮರಣವಸ್ತುವೊಂದಕ್ಕೆ ಅಲ್ಲಿಯವರೆಗೆ ಸಂದ ಅತಿ ದೊಡ್ಡ ಮೊತ್ತ ಅದು. ಇದರ ಪಕ್ಕದಲ್ಲಿ 2016ರ ಒಂದು ಲೆಕ್ಕವನ್ನಿಟ್ಟು ನೋಡಿ. ತನ್ನಲ್ಲಿರುವ ಜೊತೆಯ ಬಣ್ಣ ಮಾಸುವುದನ್ನು ತಡೆಯಲು ಸ್ಮಿತ್ಸೋನಿಯನ್ ಜನರ ನೆರವು ಕೇಳಿದಾಗ, ಆರು ಸಾವಿರಕ್ಕೂ ಹೆಚ್ಚು ಮಂದಿ ಸೇರಿ ಮೂರು ಲಕ್ಷಕ್ಕೂ ಮಿಕ್ಕಿ ಡಾಲರ್ ಕೊಟ್ಟರು. ಅವರಲ್ಲಿ ಯಾರಿಗೂ ಷೂಗಳ ಒಡೆತನ ಸಿಗುವಂತಿರಲಿಲ್ಲ. ಯಾರು ಬೇಕಾದರೂ ಹೋಗಿ ನೋಡಬಹುದಾದ ವಸ್ತುವಿಗೆ ಅವರು ಹಣ ಕೊಟ್ಟರು. ಈ ಎರಡು ಮೊತ್ತಗಳಲ್ಲಿ ಚಿಕ್ಕದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಟಿ.ವಿ. ಎಂದ ಮೇಲೆ ರೋಚಕತೆ ಬೇಕು, ದಾರದ ಎಳೆ ಎಣಿಸುವುದನ್ನು ಯಾರು ನೋಡುತ್ತಾರೆ ಎಂದೂ ಕೇಳಬಹುದು. ಡಿಸ್ನಿ 2020ರಲ್ಲಿ ‘ಪ್ರಾಪ್ ಕಲ್ಚರ್’ ಎಂಬ ಎಂಟು ಕಂತುಗಳ ಸರಣಿ ತಂದಿತು. ಸಂಗ್ರಾಹಕ ಡ್ಯಾನ್ ಲಾನಿಗನ್ ಒಂದೊಂದು ಚಿತ್ರದ ಪ್ರಾಪರ್ಟಿಗಳನ್ನು ಹುಡುಕಿ, ಅವುಗಳನ್ನು ಮಾಡಿದ ಕುಶಲಕರ್ಮಿಗಳ, ಬಳಸಿದ ನಟರ ಕೈಗೆ ಮತ್ತೆ ಕೊಟ್ಟು ಮಾತನಾಡಿಸುತ್ತಾರೆ. ಹರಾಜಿಲ್ಲ, ಅಂಕಿಯ ಅಬ್ಬರವಿಲ್ಲ. ತಾನು ಎಂದೋ ಮಾಡಿದ ಬೊಂಬೆಯನ್ನು ಮುದುಕನೊಬ್ಬ ಮತ್ತೆ ಹಿಡಿದು ಇದರ ಕೀಲು ಹೀಗೆ ಕೂರಿಸಿದೆವು ಎಂದು ವಿವರಿಸುವುದಕ್ಕಿಂತ ರೋಚಕ ದೃಶ್ಯ ಬೇರೆ ಬೇಕಿಲ್ಲ. ಆ ಸರಣಿ ಒಂದೇ ಆವೃತ್ತಿಗೆ ನಿಂತಿತು, ಅದನ್ನೂ ಹೇಳಬೇಕು. ಆದರೆ ಮಾರಾಟವೇ ಇಲ್ಲದ ರೋಡ್‌ಷೋ ನಾಲ್ಕು ದಶಕ ದಾಟಿ ನಡೆಯುತ್ತಿರುವಾಗ, ಜನ ನೋಡುವುದಿಲ್ಲ ಎನ್ನುವ ನೆಪ ನಿಲ್ಲುವುದಿಲ್ಲ.

ನಮ್ಮ ಅಟ್ಟದ ಮೇಲೆ

ಭಾರತದ ಸ್ಥಿತಿ 1970ರ ಎಂಜಿಎಂಗಿಂತ ಬಹಳ ಬೇರೆಯಲ್ಲ. ಮೊದಲ ಭಾರತೀಯ ವಾಕ್ಚಿತ್ರ ‘ಆಲಂ ಆರಾ’ದ (1931) ಒಂದು ಪ್ರತಿಯೂ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ಅಭಿನಯಿಸಿದ, ಕೊಲ್ಹಾಪುರದಲ್ಲಿ ಚಿತ್ರೀಕರಿಸಿದ ಆ ಚಿತ್ರವೂ ನೋಡಲು ಸಿಗುವುದಿಲ್ಲ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದದ್ದೇ 1964ರಲ್ಲಿ. ಪಿ.ಕೆ. ನಾಯರ್ ಅವರಂಥ ಒಬ್ಬ ವ್ಯಕ್ತಿಯ ಹಟ ಅದರ ಹಿಂದೆ ಇಲ್ಲದಿದ್ದರೆ ಇನ್ನೆಷ್ಟು ಹೋಗುತ್ತಿತ್ತೋ. ಚಿತ್ರವೇ ಇಲ್ಲದಾಗ ಅದರ ಸ್ಥಿರಚಿತ್ರ, ಪೋಸ್ಟರು, ಹಾಡಿನ ಪುಸ್ತಕಗಳು ಬರೀ ನೆನಪಿನ ವಸ್ತುಗಳಾಗಿ ಉಳಿಯುವುದಿಲ್ಲ, ಅವೇ ಸಾಕ್ಷ್ಯವಾಗುತ್ತವೆ. ‘ಗಾಂಧಿ’ ಚಿತ್ರದ ಉಡುಪಿಗೆ ಆಸ್ಕರ್ ಪಡೆದ ಭಾನು ಅಥೈಯಾ, ಇಲ್ಲಿ ಅದು ಸುರಕ್ಷಿತವಾಗಿ ಉಳಿದೀತೆಂಬ ನಂಬಿಕೆ ಇಲ್ಲದೆ, 2012ರಲ್ಲಿ ಪ್ರತಿಮೆಯನ್ನು ಅಕಾಡೆಮಿಗೇ ಒಪ್ಪಿಸಿದರು. ಶಾಂತಿನಿಕೇತನದಿಂದ ರವೀಂದ್ರನಾಥ ಠಾಕೂರರ ನೊಬೆಲ್ ಪದಕ ಕಳುವಾದದ್ದು ಅವರ ಮನಸ್ಸಿನಲ್ಲಿತ್ತು. ಅದಾದ ಮೇಲೆ 2019ರಲ್ಲಿ ಮುಂಬೈಯಲ್ಲಿ ಭಾರತೀಯ ಸಿನಿಮಾ ವಸ್ತುಸಂಗ್ರಹಾಲಯ ತೆರೆಯಿತು. 2023ರಲ್ಲಿ ಮೈಸೂರಿನಲ್ಲಿ ವಿಷ್ಣುವರ್ಧನ್ ಸ್ಮಾರಕ ಬಂತು. ಆದರೂ ಕನ್ನಡ ಚಿತ್ರರಂಗದ ಒಟ್ಟು ದುಡಿಮೆಯ ಸಾಮಗ್ರಿ ಇನ್ನೂ ಚೆದುರಿಯೇ ಇದೆ. ನಮ್ಮ ಟಿ.ವಿ. ಸಿನಿಮಾದ ನೆನಪನ್ನು ಸಂಭ್ರಮಿಸುವುದಿಲ್ಲ ಎಂದಲ್ಲ. 2014ರಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ ಸಾಧಕರನ್ನು ಕೂರಿಸಿ ಅವರ ಬದುಕನ್ನೇ ತೆರೆದಿಟ್ಟಿತು. ಅದರಲ್ಲಿ ಮನುಷ್ಯರಿದ್ದಾರೆ, ಹಾಡಿದೆ, ಕಣ್ಣೀರಿದೆ. ಮುಖವಾಡ ಮಾಡಿದವರು, ಕಿರೀಟ ಕಟ್ಟಿದವರು, ಪೋಸ್ಟರ್ ಬರೆದವರು, ಅವರ ಕೈಕೆಲಸ ಮಾತ್ರ ಇನ್ನೂ ಪರದೆಗೆ ಬರಬೇಕಿದೆ.

ಒಂದು ರೀತಿಯಲ್ಲಿ ಇದು ಒಳ್ಳೆಯ ಗಳಿಗೆಯೂ ಹೌದು. ಕನ್ನಡ ಸಿನಿಮಾದ ಹಳೆಯ ಸಾಮಗ್ರಿಗೆ ಕೋಟಿಗಟ್ಟಲೆ ಬೆಲೆ ಇನ್ನೂ ಬಂದಿಲ್ಲ. ಹಾಗಾಗಿ ಕದಿಯುವವರು, ನಕಲು ಮಾಡುವವರು ದಂಡಾಗಿ ಬಂದಿಲ್ಲ. ತಿಳಿದವರು ಬದುಕಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಬಹುದು. ಬೆಂಗಳೂರಿನ ಸಾಗರ್, ಕಪಾಲಿ ಚಿತ್ರಮಂದಿರಗಳು ಹೋದವು. ಜಿಲ್ಲೆ, ತಾಲ್ಲೂಕುಗಳಲ್ಲೂ ಟಾಕೀಸುಗಳು ಕಲ್ಯಾಣಮಂಟಪಗಳಾಗುತ್ತಿವೆ. ಅವುಗಳ ಪ್ರೊಜೆಕ್ಟರ್ ಕೋಣೆಯ ಮೂಲೆಯಲ್ಲಿದ್ದ ಷೋಕಾರ್ಡು, ಗಾಜಿನ ಸ್ಲೈಡು, ಟಿಕೆಟ್ ಪುಸ್ತಕ ಗುಜರಿಯವನ ತಕ್ಕಡಿಗೆ ಹೋಗುವುದಕ್ಕೆ ಒಂದು ಮಧ್ಯಾಹ್ನ ಸಾಕು.

ನಿಮ್ಮ ಮನೆಯಲ್ಲಿ ಹಳೆಯ ಹಾಡಿನ ಪುಸ್ತಕ, ಚಿತ್ರದ ಸ್ಥಿರಚಿತ್ರ, ಟಾಕೀಸಿನ ಕರಪತ್ರ, ನಾಟಕ ಕಂಪನಿಯ ಜಾಹೀರಾತು, ಆಕಾಶವಾಣಿ ಕಲಾವಿದರ ಪತ್ರ ಇಂಥ ಏನಾದರೂ ಇದ್ದರೆ ಅದರ ಬೆಲೆ ವಿಚಾರಿಸುವುದು ಆಮೇಲಾಗಲಿ. ಮೊದಲು ಒಂದು ಬೇರೆ ಹಾಳೆಯಲ್ಲಿ ಅದು ಯಾರಿಂದ, ಯಾವ ಊರಿನಲ್ಲಿ, ಸುಮಾರು ಯಾವ ವರ್ಷ ಬಂತೆಂದು ಬರೆದು ಅದರ ಜೊತೆಗಿಡಿ. ವಸ್ತುವಿನ ಮೇಲೆಯೇ ಪೆನ್ನಿನಲ್ಲಿ ಬರೆಯಬೇಡಿ, ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲು ತಾಗಿಸಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಈ ಕೆಲಸಕ್ಕೆ ಖರ್ಚಿಲ್ಲ, ಇದನ್ನು ನಿಮ್ಮ ಪರವಾಗಿ ಬೇರೆ ಯಾರೂ ಮಾಡಲಾರರು.